ಲಿವಾಕ್ಕೆ ಒಂಟಿ ಗಾಡಿಯಲ್ಲಿ ಹೊರಟವರಿಗೆ

ಗುಂಪಿನಲ್ಲಿ ನಿಮ್ಮ ಪೋಸ್ಟ್ ನೋಡಿದೆ. ಬರುವ ಶನಿವಾರ ಪ್ರಾಡೊ ಒಂದೇ, ಜೊತೆಗೆ ಯಾರೂ ಬೇಡ, ಟೈರಿನ ಗಾಳಿ 25 ಪಿಎಸ್‌ಐಗೆ ಇಳಿಸಿ, ಅಬುಧಾಬಿಯ ಲಿವಾ ಮರುಭೂಮಿಯ ದೊಡ್ಡ ದಿಬ್ಬ ತಲ್ ಮೊರೀಬ್‌ನಿಂದ ದಕ್ಷಿಣಕ್ಕೆ ಹೋಗಿ ನಿಶ್ಶಬ್ದದಲ್ಲಿ ರಾತ್ರಿ ಉಳಿಯುತ್ತೇನೆ ಅಂತ ಬರೆದಿದ್ದೀರಿ. "ಒಂಟೆಯ ನಾಡಲ್ಲಿ ಒಂಟಿಯಾಗಿ ಒಂದು ರಾತ್ರಿ." ಸಾಲು ಚೆನ್ನಾಗಿದೆ, ಒಪ್ಪಿದೆ. ಕೆಳಗೆ ಹುರಿದುಂಬಿಸಿದವರಲ್ಲಿ ಮರಳಿಗೆ ಗಾಡಿ ಇಳಿಸಿದವರು ಎಷ್ಟು ಜನ ಅಂತಲೂ ನನಗೆ ಗೊತ್ತು. ಒಂಬತ್ತು ವರ್ಷದ ಹಿಂದೆ ನಾನೂ ಹೀಗೇ ಒಂಟಿ ಗಾಡಿಯಲ್ಲಿ ಹೋಗಿದ್ದೆ ಮಾರಾಯ್ರೆ, ಹೆಚ್ಚುಕಮ್ಮಿ ಅದೇ ಜಾಗ, ನನ್ನದು ಹಳೇ ಪಜೇರೊ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಆ 25ರ ವಿಷಯ ಮುಗಿಸೋಣ. 25 ಅಂದರೆ ಡಾಂಬರಿಗೂ ಅಲ್ಲ, ಮರಳಿಗೂ ಅಲ್ಲ. ಲಿವಾದ ಮರಳಿಗೆ 15, ಬಹಳ ಆದರೆ 18. ಸಿಕ್ಕಿಹಾಕಿಕೊಂಡರೆ 12. ಗಾಳಿ ಬಿಟ್ಟರೆ ಟೈರ್ ಅಗಲ ಆಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ನಿಜವಾಗಿ ನೆಲಕ್ಕೆ ತಾಗುವ ಭಾಗ ಉದ್ದ ಆಗುವುದೇ ಹೆಚ್ಚು, ಚಕ್ರ ಟ್ಯಾಂಕಿನ ಚೈನಿನ ಹಾಗೆ ಹಾಸಿಕೊಂಡು ಹೋಗುತ್ತದೆ. ಆದರೆ ಒಂದು ಗಮನ ಇರಲಿ. ಅಬುಧಾಬಿಯಿಂದ 200 ಕಿ.ಮೀ. ಓಡಿಸಿಕೊಂಡು ಬಂದ ಬಿಸಿ ಟೈರಿನಲ್ಲಿ ಅಳತೆ ಮೂರ್ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಬಿಸಿಯಲ್ಲಿ 15ಕ್ಕೆ ಇಳಿಸಿ, ರಾತ್ರಿ ತಣ್ಣಗಾಗಿ, ಬೆಳಿಗ್ಗೆ ನೋಡಿದರೆ ಅದು 12ರ ಹತ್ತಿರ ಇರುತ್ತದೆ. ಆ 12ರಲ್ಲಿ ನೀವು ಸ್ಟೇರಿಂಗ್ ಗಕ್ಕನೆ ತಿರುಗಿಸಿದರೆ ಟೈರ್ ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ನಮ್ಮವರು ಅದಕ್ಕೆ ಪಾಪ್‌ಔಟ್ ಅನ್ನುತ್ತಾರೆ. ಮರಳಿನಲ್ಲಿ ಜಾಕ್ ನಿಲ್ಲುವುದಿಲ್ಲ, ಅಡಿಗೆ ಹಲಗೆ ಬೇಕು. ಒಂದೂಕಾಲು ಅಡಿ ಚೌಕದ ದಪ್ಪ ಪ್ಲೈವುಡ್ ತುಂಡು ಡಿಕ್ಕಿಯಲ್ಲಿ ಹಾಕಿಕೊಳ್ಳಿ, ಕಾರ್ಪೆಂಟರ್ ಹತ್ತಿರ ಪುಕ್ಕಟೆ ಸಿಗುತ್ತದೆ.

ವಾಪಸ್ ಡಾಂಬರಿಗೆ ಬಂದ ಕೂಡಲೇ ಗಾಳಿ ತುಂಬಿಸಬೇಕು. "ಪಂಪ್‌ವರೆಗೆ ನಿಧಾನ ಹೋಗುತ್ತೇನೆ" ಅಂತ ಹೇಳಿ 100ರಲ್ಲಿ ಹೋಗುವವರನ್ನು ನೋಡಿದ್ದೇನೆ, ಟೈರಿನ ಪಕ್ಕದ ಗೋಡೆ ಕಾದು ಸಿಡಿಯುವುದು ಅಲ್ಲೇ. ಗಾಳಿ ತುಂಬಿಸುವ ಕಂಪ್ರೆಸರ್ ವಿಷಯದಲ್ಲಿ ನಾನು ಎಆರ್‌ಬಿ ಬ್ರ್ಯಾಂಡಿನ ಪಕ್ಷದವನು. ದುಬಾರಿ, ನಿಜ. ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ ಅಗ್ಗದ ಆಟಿಕೆ ತರಬೇಡಿ, ಎರಡನೇ ಟೈರಿಗೆ ಫ್ಯೂಸ್ ಹೋಗುತ್ತದೆ. ಬ್ಯಾಟರಿಗೆ ನೇರ ಕ್ಲಿಪ್ ಹಾಕುವಂಥದ್ದೇ ಇರಲಿ, ಎಂಜಿನ್ ಆನ್ ಇಟ್ಟು ತುಂಬಿಸಿ. ಗಾಳಿ ಅಳೆಯುವ ಗೇಜ್ ಮಾತ್ರ ಬ್ರ್ಯಾಂಡ್ ನೋಡಬೇಡಿ, ಆದರೆ ಯಾವಾಗಲೂ ಅದೇ ಒಂದನ್ನು ಬಳಸಿ. ಸುಳ್ಳು ಹೇಳಿದರೂ ಒಂದೇ ಸುಳ್ಳು ಹೇಳಲಿ.

ಈಗ ದಕ್ಷಿಣದ ಮಾತು. ಶಮಾಲ್ ವಾಯವ್ಯದಿಂದ ಬೀಸುವ ಗಾಳಿ. ದಿಬ್ಬದಲ್ಲಿ ಗಾಳಿ ಹೊಡೆಯುವ ಬದಿ ಉದ್ದಕ್ಕೆ, ಸಣ್ಣ ಇಳಿಜಾರು, ಮರಳು ಸ್ವಲ್ಪ ಗಟ್ಟಿ. ಆಚೆ ಬದಿ ಕಡಿದು, ಹಿಟ್ಟಿನಂತೆ ಸಡಿಲ. ಹಾಗಾಗಿ ಗಾಳಿಯ ಜೊತೆ, ಅಂದರೆ ದಕ್ಷಿಣದ ಕಡೆ, ಹೋಗುವಾಗ ಏರುವುದು ಸಲೀಸು, ಇಳಿಯುವುದು ಜಾರುಬಂಡೆ, "ಇಷ್ಟೇನಾ ಲಿವಾ" ಅನ್ನಿಸುತ್ತದೆ. ಹಿಂದಕ್ಕೆ ತಿರುಗಿ ನೋಡಿ, ನೀವು ಜಾರಿ ಬಂದದ್ದೆಲ್ಲ ಈಗ ಗೋಡೆ. ಬಂದ ದಾರಿ ವಾಪಸ್ ಹೋಗುವ ದಾರಿ ಅಲ್ಲ. ಇದೊಂದನ್ನು ನನಗೆ ಆವಾಗ ಯಾರೂ ಹೇಳಿರಲಿಲ್ಲ. ಅಥವಾ ಹೇಳಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ. ಅದರ ಮೇಲೆ ದಕ್ಷಿಣಕ್ಕೆ ಹೋದಷ್ಟೂ ಸೌದಿ ಗಡಿ, ಒಂದು ಕಡೆ ಶಾಹ್ ಗ್ಯಾಸ್ ಫೀಲ್ಡ್. ಬೇಲಿ ಕಂಡರೆ ಫೋಟೊ ತೆಗೆಯುತ್ತ ನಿಲ್ಲಬೇಡಿ.

ನನ್ನ ಕಥೆ. ಜನವರಿ ತಿಂಗಳು, ಮೂರು ದಿನದ ಹಿಂದೆ ಮಳೆ ಬಂದಿತ್ತು. ಮನೆಯಲ್ಲಿ "ಲಿವಾಕ್ಕೆ ಹೋಗಿ ಸಂಜೆ ಬರುತ್ತೇನೆ" ಅಂದಿದ್ದೆ. ಲಿವಾ ಅಂದರೆ ಉಡುಪಿ ಜಿಲ್ಲೆ ಅಂದ ಹಾಗಾಯಿತು, ಹುಡುಕುವವರು ಎಲ್ಲಿ ಅಂತ ಹುಡುಕಬೇಕು? ಮಧ್ಯಾಹ್ನದ ಹೊತ್ತಿಗೆ ದಿಬ್ಬ ಹತ್ತಿಳಿದು ಸುಸ್ತಾಗಿ, ನಡುವೆ ಒಂದು ಬಯಲು ಕಂಡಿತು. ಬಿಳಿ, ಸಪಾಟು, ಕ್ರಿಕೆಟ್ ಆಡಬಹುದು ಅನ್ನುವ ಹಾಗೆ. ಅಲ್ಲಿಗೆ ಇಳಿಸಿದೆ. ನಾನು ಬೈಂದೂರು ಕಡೆಯವನು, ಮರವಂತೆಯಲ್ಲಿ ನೀರಂಚಿಗೆ ಸೈಕಲ್ ತುಳಿದು ಬೆಳೆದವನು. ಒದ್ದೆ ಮರಳು ಗಟ್ಟಿ ಅನ್ನುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆ ಅಹಂಕಾರವೇ ಮುಳುಗಿಸಿದ್ದು. ಅದು ಮರಳೇ ಅಲ್ಲ, ಸಬ್ಖಾ. ಮೇಲೆ ಉಪ್ಪು ಒಣಗಿ ಹಪ್ಪಳ, ಅಡಿಯಲ್ಲಿ ಕಂಬಳದ ಗದ್ದೆ. ಬೇಸಿಗೆ ಪೂರ್ತಿ ಒಣಗಿದಾಗ ಅದರ ಮೇಲೆ ಲಾರಿ ಹೋದರೂ ಹೋದೀತು, ಮಳೆ ಬಿದ್ದ ಮೇಲೆ ಮನುಷ್ಯ ನಡೆದರೂ ಕಾಲು ಹೂಳುತ್ತದೆ. ನಡುವಿಗೆ ಬಂದಾಗ ಹಪ್ಪಳ ಮುರಿದ ಶಬ್ದ ಕೇಳಿಸಿತು, ಸುಳ್ಳಲ್ಲ. ಮುಂದಿನ ಚಕ್ರ ಎರಡೂ ಕೆಳಗೆ.

ಆಮೇಲೆ ನಾನು ಮಾಡಿದ್ದು ನೀವೂ ಮಾಡುತ್ತೀರಿ, ಎಲ್ಲರೂ ಮಾಡುತ್ತಾರೆ. ಆಕ್ಸಿಲರೇಟರ್ ಒತ್ತಿದೆ. ನಾಲ್ಕೂ ಚಕ್ರಕ್ಕೆ ಹೆಚ್ಚು ಬಲ ಕೊಡುವ ಫೋರ್ ಲೋ ಗೇರ್ ಹಾಕಿ ಇನ್ನೂ ಒತ್ತಿದೆ. ಕೆಸರು ಕಿಟಕಿಗೆಲ್ಲ ಹಾರಿತು, ಗಾಡಿ ಹೊಟ್ಟೆ ಮೇಲೆ ಕೂತಿತು. ಮರಳಿನಲ್ಲಾದರೂ ಚಕ್ರ ತಿರುಗಿ ಗಾಡಿ ಮುಂದೆ ಹೋಗದ ಮೊದಲ ಕ್ಷಣಕ್ಕೇ ಕಾಲು ತೆಗೆಯಬೇಕು. ಮೊದಲು ಬಂದ ಗುರುತಿನ ಮೇಲೇ ರಿವರ್ಸ್ ನೋಡಿ. ಆಗಲಿಲ್ಲವೋ, ಇಳಿದು ಸಲಿಕೆ ಹಿಡಿಯಿರಿ, ಗಾಳಿ ಇನ್ನಷ್ಟು ಇಳಿಸಿ. ಐದು ನಿಮಿಷದ ಕೆಲಸ. ಒತ್ತುತ್ತಲೇ ಇದ್ದರೆ ಐದು ಗಂಟೆಯ ಕೆಲಸ. ಸಬ್ಖಾದಲ್ಲಿ ಗಾಳಿ ಇಳಿಸಿಯೂ ಪ್ರಯೋಜನ ಇಲ್ಲ, ಹಲಗೆ ಬೇಕು, ಇನ್ನೊಂದು ಗಾಡಿ ಬೇಕು, ಅದೂ ಗಟ್ಟಿ ನೆಲದ ಮೇಲೆ ದೂರ ನಿಂತ ಗಾಡಿ.

ಫೋನಿಗೆ ಸಿಗ್ನಲ್ ಇಲ್ಲ. ನಾಲ್ಕು ಗಂಟೆಗೆ ಎರಡನೇ ತಪ್ಪು ಮಾಡಿದೆ, ರಸ್ತೆ ಇದೇ ದಿಕ್ಕು ಅಂತ ನಡೆಯತೊಡಗಿದೆ. ಮೂರನೇ ದಿಬ್ಬ ಇಳಿಯುವಾಗ ಎಲ್ಲ ದಿಬ್ಬವೂ ಒಂದೇ. ಗಾಳಿ ಇರಲಿಲ್ಲ, ಹೆಜ್ಜೆಗುರುತು ಉಳಿದಿತ್ತು, ಅದನ್ನು ಹಿಡಿದು ವಾಪಸ್ ಬಂದೆ. ಸ್ವಲ್ಪ ಗಾಳಿ ಎದ್ದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಗಾಡಿ ಬಿಟ್ಟು ಹೋಗಬೇಡಿ. ಗಾಡಿ ದೂರದಿಂದ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ.

ರಾತ್ರಿ ಹತ್ತು ಡಿಗ್ರಿ ಆಸುಪಾಸು, ಮೈಮೇಲೆ ಟೀ ಶರ್ಟ್, ಒಂದೂವರೆ ಲೀಟರ್ ನೀರು. ಕಾಲಡಿಯ ಮ್ಯಾಟ್ ಹೊದ್ದು ಕೂತಿದ್ದೆ. ನೀವು ಹುಡುಕಿಕೊಂಡು ಹೊರಟ ಆ ನಿಶ್ಶಬ್ದ ಇದೆಯಲ್ಲ, ಅಂದು ರಾತ್ರಿ ಅದು ಪೂರ್ತಿ ನನ್ನ ಪಾಲಿಗೇ ಇತ್ತು. ಒಂದು ನಿಮಿಷವೂ ನನಗೆ ಅದು ಸಿಗಲಿಲ್ಲ. ನೀರು ಲೆಕ್ಕ ಹಾಕುವುದು, ಪೆಟ್ರೋಲ್ ಲೆಕ್ಕ ಹಾಕುವುದು, ಹೆಂಡತಿ ಈಗ ಯಾರಿಗೆ ಫೋನ್ ಮಾಡುತ್ತಿರಬಹುದು ಅನ್ನುವುದು, ಇಷ್ಟೇ. ತಲೆ ಎತ್ತಿ ನಕ್ಷತ್ರ ನೋಡಿದ ನೆನಪೇ ಇಲ್ಲ.

ಬೆಳಿಗ್ಗೆ ದಿಬ್ಬ ಹತ್ತಿ ಕೆಂಪು ಬೈರಾಸು ಬೀಸಿ ಬೀಸಿ ಕೈ ಬಿದ್ದುಹೋಗುವ ಹೊತ್ತಿಗೆ ಒಂಟೆ ಫಾರ್ಮಿನ ಒಂದು ಹೈಲಕ್ಸ್ ಪಿಕಪ್ ಬಂತು. ಸುಡಾನಿನ ಮುದುಕ. ಬಯಲಿನ ಅಂಚಿನಲ್ಲೇ ನಿಲ್ಲಿಸಿದ, ಒಂದಡಿ ಒಳಗೆ ಬರಲಿಲ್ಲ. "ಸಬ್ಖಾ, ಸಬ್ಖಾ" ಅಂತ ಎರಡು ಸಲ ಅಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನನ್ನ ಹತ್ತಿರ ಇದ್ದ ಹಗ್ಗ ಎಂಟು ಮೀಟರ್, ಅವನು ನಿಂತದ್ದು ಅರವತ್ತು ಮೀಟರ್ ಆಚೆ. ವಾಪಸ್ ಹೋಗಿ ಎರಡು ಗಂಟೆ ಬಿಟ್ಟು ಇನ್ನಿಬ್ಬರು ಹುಡುಗರು, ಹಲಗೆ, ಮೇವಿನ ಗೋಣಿ, ಹಗ್ಗದ ರಾಶಿ ತಂದ. ಮಧ್ಯಾಹ್ನಕ್ಕೆ ಗಾಡಿ ಹೊರಗೆ. ಹಣ ಕೊಡಲು ಹೋದರೆ ಬಯ್ದು, ಖರ್ಜೂರ ಕೊಟ್ಟು ಕಳಿಸಿದ.

ಆ ಬಳಿಕ ನನ್ನ ಪದ್ಧತಿ ಇದು. ಗುಂಪಿನಲ್ಲಿ ಕೆಲವರು ನಗುತ್ತಾರೆ, ನಗಲಿ. ಒಬ್ಬನೇ ಇರಬೇಕಾದರೆ ಎರಡು ಗಾಡಿ ತಗೊಂಡು ಹೋಗಿ. ಇಬ್ಬರೂ ಜೊತೆಗೆ ಮರಳು ದಾಟಿ, ಮಧ್ಯಾಹ್ನ ಮೂರರ ನಂತರ, ನೆರಳು ಚಾಚಿ ದಿಬ್ಬದ ನೆತ್ತಿ ಕಾಣುವಾಗ. ನಡು ಮಧ್ಯಾಹ್ನ ಬೆಳಕು ನೇರ ಬಿದ್ದಾಗ ಅಂಚು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಜಾಗಕ್ಕೆ ಬಂದ ಮೇಲೆ ಬೇರೆಯಾಗಿ. ನಡುವೆ ಒಂದು ಇಡೀ ದಿಬ್ಬ ಇರಬೇಕು, ಏಳೆಂಟು ನೂರು ಮೀಟರ್. ಆಚೆಯವನು ಕೆಮ್ಮಿದರೂ ಕೇಳಿಸುವುದಿಲ್ಲ. ಎರಡೂ ಜಾಗ ಎರಡೂ ಫೋನಿನಲ್ಲಿ ಆಫ್‌ಲೈನ್ ಗುರುತು. ಗಾಡಿಯ ಮೂತಿ ಇಳಿಜಾರಿಗೆ ಮುಖ ಮಾಡಿರಬೇಕು, ಬೆಳಿಗ್ಗೆ ಹೊರಡುವಾಗ ಇದರ ಬೆಲೆ ಗೊತ್ತಾಗುತ್ತದೆ. ನಿಲ್ಲಿಸುವಾಗ ಬ್ರೇಕ್ ಒತ್ತಬೇಡಿ, ಕಾಲು ತೆಗೆದು ತಾನಾಗಿ ನಿಲ್ಲಲಿ. ಬ್ರೇಕ್ ಹಾಕಿದರೆ ಚಕ್ರದ ಮುಂದೆ ಮರಳಿನ ಗುಡ್ಡೆ ಏಳುತ್ತದೆ. ರಾತ್ರಿ ಒಂಬತ್ತಕ್ಕೆ ವಾಕಿಟಾಕಿಯಲ್ಲಿ ಒಂದು ಮಾತು, ಬೆಳಿಗ್ಗೆ ಆರಕ್ಕೆ ಇನ್ನೊಂದು. ಉತ್ತರ ಬರದಿದ್ದರೆ ಮಾತ್ರ ಹೋಗಿ ನೋಡುವುದು. ವಾಕಿಟಾಕಿಗೆ ಇಲ್ಲಿ ಪರವಾನಗಿ ನಿಯಮ ಇದೆ, ಕೊಳ್ಳುವ ಮೊದಲು ವಿಚಾರಿಸಿ.

ಜೊತೆಗಾರನನ್ನು ಗಾಡಿ ನೋಡಿ ಆರಿಸಬೇಡಿ, ಬಾಯಿ ನೋಡಿ ಆರಿಸಿ. ಬ್ಲೂಟೂತ್ ಸ್ಪೀಕರ್ ತರುವವನು ಲ್ಯಾಂಡ್ ಕ್ರೂಸರ್ ಇಟ್ಟುಕೊಂಡಿದ್ದರೂ ಬೇಡ.

ಹೀಗೆ ಹೋದ ಮೊದಲ ಸಲ, ಡಿಸೆಂಬರ್ ಮಧ್ಯದಲ್ಲಿ, ಮರಳ ಮೇಲೆ ಮಲಗಿದ್ದೆ. ಹತ್ತೂವರೆ ಹೊತ್ತಿಗೆ ಕೃತ್ತಿಕೆ ಸರಿಯಾಗಿ ನೆತ್ತಿಯ ಮೇಲೆ, ಕತ್ತು ಹೊರಳಿಸಬೇಕಾಗಿಲ್ಲ. ಲಿವಾ ಕರ್ಕ ವೃತ್ತದ ಹತ್ತಿರ ಇರುವುದರಿಂದ ಹಾಗೆ. ಆವಾಗಲೇ ಎದುರು ದಿಬ್ಬದಿಂದ ವಿಮಾನ ಹೋದಂತೆ ಗುಂಯ್ ಶಬ್ದ. ವಿಮಾನ ಇಲ್ಲ. ಒಣಮರಳು ಕಡಿದಾದ ಮುಖದಲ್ಲಿ ಜಾರುವಾಗ ಕಣ ಕಣ ಉಜ್ಜಿ ದಿಬ್ಬವೇ ಮೊರೆಯುತ್ತದೆ. ಹಳೇ ರಾತ್ರಿ ಅದನ್ನು ಕೇಳಿದ್ದರೆ ಹೆದರಿ ಸಾಯುತ್ತಿದ್ದೆ. ಈ ಸಲ ಆಚೆ ಇನ್ನೊಂದು ಗಾಡಿ ಇದೆ ಅಂತ ಗೊತ್ತಿತ್ತು, ಮಲಗಿಕೊಂಡೇ ಕೇಳಿದೆ.

"ಹಳೇ ಕಾಲದ ಸಾಹಸಿಗಳು ಒಂಟಿಯಾಗಿ ಹೋಗುತ್ತಿರಲಿಲ್ಲವೇ" ಅಂತ ಒಬ್ಬರು ನಿಮ್ಮ ಪೋಸ್ಟಿಗೆ ಕೇಳಿದ್ದಾರೆ. ಇಲ್ಲ ಸ್ವಾಮಿ. ಲಿವಾದ ದಕ್ಷಿಣಕ್ಕೆ ಹಬ್ಬಿದ ಮಹಾ ಮರುಭೂಮಿ ರುಬ್ ಅಲ್ ಖಾಲಿಯನ್ನು ದಾಟಿದ ಮೊದಲ ಯುರೋಪಿಯನ್ ಬರ್ಟ್ರಂ ಥಾಮಸ್, 1930ರ ಡಿಸೆಂಬರ್‌ನಲ್ಲಿ ಒಮಾನಿನ ಸಲಾಲಾ ಕಡೆಯಿಂದ ಹೊರಟು 1931ರ ಫೆಬ್ರವರಿಯಲ್ಲಿ ದೋಹಾ ಮುಟ್ಟಿದವನು. ಜೊತೆಗೆ ಬೆದು ಜನರ, ಅಂದರೆ ಮರುಭೂಮಿಯ ಅಲೆಮಾರಿಗಳ, ತಂಡವೇ ಇತ್ತು, ಬಾವಿ ಎಲ್ಲಿದೆ ಅಂತ ಗೊತ್ತಿದ್ದವರು ಅವರು. ಮರುಭೂಮಿಯಲ್ಲಿ ಹುಟ್ಟಿದವರೇ ಒಂಟಿಯಾಗಿ ಹೋಗುವುದಿಲ್ಲ, ಅಬುಧಾಬಿಯ ಮುಸ್ಸಾಫದಲ್ಲಿ ಫ್ಲ್ಯಾಟ್ ಇರುವ ನಾವು ಯಾವ ಲೆಕ್ಕ?

ಇನ್ನು ಸಣ್ಣಪುಟ್ಟವು. ಗಾಡಿ ಎಳೆಯುವಾಗ ಹಗ್ಗವನ್ನು ಟೋ ಬಾಲಿಗೆ (ಟ್ರೇಲರ್ ಸಿಕ್ಕಿಸುವ ಹಿಂದಿನ ಗುಂಡು) ಸಿಕ್ಕಿಸಬೇಡಿ. ಅದು ಮುರಿದರೆ ಗುಂಡಿನ ಹಾಗೆ ಹಾರುತ್ತದೆ, ಜನ ಸತ್ತಿದ್ದಾರೆ. ಚಾಸಿಗೆ ಬಿಗಿದ ರಿಕವರಿ ಪಾಯಿಂಟ್ ಮಾತ್ರ, ಎಳೆಯುವಾಗ ಸುತ್ತ ಯಾರೂ ನಿಲ್ಲಬಾರದು. ದಿಬ್ಬಕ್ಕೆ ನೇರ ಹತ್ತಿ ನೇರ ಇಳಿಯಿರಿ, ಅಡ್ಡ ಹೋಗುವಾಗ ಹಿಂಬದಿ ಜಾರಿದರೆ ಸ್ಟೇರಿಂಗ್ ಕೆಳಗಿನ ಕಡೆಗೇ ತಿರುಗಿಸಿ, ಮೇಲಕ್ಕೆ ತಿರುಗಿಸಿದವರು ಪಲ್ಟಿ. ನೀರು ತಲೆಗೆ ದಿನಕ್ಕೆ ಐದು ಲೀಟರ್, ಒಂದು ರಾತ್ರಿಗೆ ಹೋಗುವುದಾದರೆ ಮೂರು ದಿನದ್ದು ತಗೊಳ್ಳಿ. ಪೆಟ್ರೋಲ್ ಮರಳಿನಲ್ಲಿ ರಸ್ತೆಯ ಎರಡರಷ್ಟು ಕುಡಿಯುತ್ತದೆ, ಲಿವಾದ ಪೇಟೆ ಮಿಜೈರಾದಲ್ಲಿ ಟ್ಯಾಂಕ್ ತುಂಬಿಸದೆ ಮುಂದೆ ಹೋಗಬೇಡಿ. ಸೌದೆ ಊರಿಂದಲೇ ತನ್ನಿ. ಇಲ್ಲಿ ಕಾಣುವ ಗಾಫ್ ಮರ ಅಂದರೆ ನಮ್ಮ ಬನ್ನಿಯೇ. ದಸರೆಗೆ ಕೈಮುಗಿಯುವ ಮರವನ್ನು ಇಲ್ಲಿ ಬಾರ್ಬೆಕ್ಯೂಗೆ ಮುರಿಯುತ್ತೀರಾ? ಇಲ್ಲಿಯವರಿಗೂ ಅದು ರಾಷ್ಟ್ರವೃಕ್ಷ, ಕಡಿದರೆ ಕೇಸ್. ಕೆಂಡದ ಮೇಲೆ ಮರಳು ಮುಚ್ಚಿ ಬರಬೇಡಿ, ಅಡಿಯಲ್ಲಿ ಗಂಟೆಗಟ್ಟಲೆ ಬಿಸಿ ಇರುತ್ತದೆ, ಒಂಟೆ ಕಾಲಿಡುತ್ತದೆ. ನೀರು ಹಾಕಿ ಆರಿಸಿ.

ಭಾನುವಾರ ಬೆಳಿಗ್ಗೆ ರಸ್ತೆಗೆ ಬಂದಾಗ ಮಂಜು ಇದ್ದರೆ ಹೊರಡಲೇಬೇಡಿ. ಚಳಿಗಾಲದಲ್ಲಿ ಆ ಕಡೆ ಎದುರಿನ ಬಾನೆಟ್ ಕಾಣದಷ್ಟು ಮಂಜು ಬೀಳುತ್ತದೆ, ಮರಳು ಬಿಟ್ಟುಕೊಟ್ಟದ್ದನ್ನು ಹೆದ್ದಾರಿ ಕಿತ್ತುಕೊಳ್ಳುತ್ತದೆ. ಒಂಬತ್ತರವರೆಗೆ ಚಹಾ ಕುಡಿಯಿರಿ.

ಮರಳು ಬೇಡ, ಬರೀ ಖಾಲಿತನ ಸಾಕು ಅನ್ನುವವರಿಗೆ ಡಾಂಬರ್ ಮೇಲೇ ಬೇಕಾದಷ್ಟಿದೆ. ಒಮಾನಿನಲ್ಲಿ ಆದಂನಿಂದ ಹೈಮಾ, ತುಮ್ರೈತ್ ಹಿಡಿದು ಸಲಾಲಾಕ್ಕೆ ಹೋಗಿ, ಗಂಟೆಗಟ್ಟಲೆ ಎರಡೂ ಬದಿ ಏನೂ ಇಲ್ಲ. ಗಡಿಯಾಚೆಗೆ ಬೇಕಾಗುವ ಇನ್ಶೂರೆನ್ಸಿನ ಆರೆಂಜ್ ಕಾರ್ಡ್ ಮರೆಯಬೇಡಿ, ಕತ್ತಲಾದ ಮೇಲೆ ಓಡಿಸಬೇಡಿ. ಒಂಟೆಯ ಕಾಲಿಗೆ ಬಂಪರ್ ಬಡಿದರೆ ಮೈ ಪೂರ್ತಿ ಗಾಜಿನ ಮೇಲೆ ಬೀಳುತ್ತದೆ. ಆ ಕಡೆ ಉಮ್ಮ್ ಅಲ್ ಸಮೀಮ್ ಅಂತ ದೊಡ್ಡ ಸಬ್ಖಾ ಇದೆ, ವಿಷದ ತಾಯಿ ಅಂತ ಹೆಸರಿನ ಅರ್ಥ ಹೇಳುತ್ತಾರೆ. ನಾನು ಹತ್ತಿರಕ್ಕೂ ಹೋಗಿಲ್ಲ, ಹೋಗುವುದೂ ಇಲ್ಲ.

ನಿಮ್ಮ ಪ್ರಾಡೊ ಎಂಜಿನ್ 2.7 ಲೀಟರಾ, 4.0 ಆ? 2.7 ಆದರೆ ದೊಡ್ಡ ದಿಬ್ಬಕ್ಕೆ ಉಸಿರು ಸಾಲದು, ಮೊದಲೇ ವೇಗ ಕಟ್ಟಬೇಕು, ವಿಎಸ್‌ಸಿ (ಚಕ್ರ ಜಾರಿದರೆ ಎಂಜಿನ್ ಬಲ ತಾನೇ ತಗ್ಗಿಸುವ ವ್ಯವಸ್ಥೆ) ಆಫ್ ಮಾಡಿ, ಮುಂದಿನ ಹಿಂದಿನ ಚಕ್ರ ಒಟ್ಟಿಗೆ ತಿರುಗಿಸುವ ಸೆಂಟರ್ ಡಿಫ್ ಲಾಕ್ ಹಾಕಿ. ಅದನ್ನೊಂದು ಹೇಳಿ. ಈ ಶನಿವಾರ ನನಗೆ ಡ್ಯೂಟಿ, ಅದರ ಮುಂದಿನ ಶನಿವಾರ ಖಾಲಿ. ಅಲ್ಲಿಯವರೆಗೆ ತಡೆದುಕೊಳ್ಳುವುದಾದರೆ ಪಜೇರೊ ತರುತ್ತೇನೆ, ನಿಮ್ಮ ದಿಬ್ಬದ ಆಚೆ ಹಾಕಿಕೊಂಡು ಮಲಗುತ್ತೇನೆ. ಒಂಬತ್ತು ಗಂಟೆಗೆ ಒಂದೇ ಮಾತು, ಆಮೇಲೆ ನೀವುಂಟು ಮರಳುಂಟು.