ಮನೆ ಕೆಲಸ ಮುಗಿದ ಮೇಲೆ ಕಿಟಕಿ ಗಾಜು: ಒರೆಸುವ ಮೊದಲು ತೊಳೆಯಿರಿ

ಹೊಸ ಮನೆಗೆ ಹೋಗುವವರು, ಹಳೆ ಮನೆ ರಿಪೇರಿ ಮಾಡಿಸಿದವರು ಕಳಿಸಿದ ಪ್ರಶ್ನೆಗಳಲ್ಲಿ ಈ ಸಲ ಕಿಟಕಿಗೆ ಸಂಬಂಧಪಟ್ಟವೇ ಹೆಚ್ಚು. ಅವನ್ನೆಲ್ಲ ಒಂದೆಡೆ ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಪೇಂಟಿಂಗ್ ಮುಗಿದ ಮೇಲೆ ಕಿಟಕಿಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಈಗ ಬಿಸಿಲು ಬಿದ್ದಾಗ ಗಾಜಿನ ತುಂಬ ಬಿಲ್ಲಿನಂತೆ ಬಾಗಿದ ಸಣ್ಣ ಗೀರುಗಳು ಕಾಣುತ್ತವೆ. ಬಳಸಿದ್ದು ಮೆತ್ತನೆಯ ಹತ್ತಿ ಬಟ್ಟೆ. ಬಟ್ಟೆಯಿಂದ ಗಾಜಿಗೆ ಗೀರು ಬೀಳುತ್ತದೆಯೇ?

ಉತ್ತರ: ಗೀರು ಬಟ್ಟೆಯದಲ್ಲ, ಬಟ್ಟೆಯಡಿ ಸಿಕ್ಕಿಕೊಂಡ ಮರಳಿನದು. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಕಿಟಕಿ ಗಾಜು 5.5ರ ಆಸುಪಾಸಿನಲ್ಲಿದೆ, ಮರಳಿನಲ್ಲಿರುವ ಸ್ಫಟಿಕ ಶಿಲೆಯ ಕಣ 7. ಗಾರೆಯಿಂದ ಉದುರಿದ ಒಂದೇ ಕಣ ಸಾಕು, ಗಾಜನ್ನು ಕೊರೆಯುತ್ತದೆ. ಒದ್ದೆ ಬಟ್ಟೆ ಆ ಕಣವನ್ನು ಎತ್ತಿಕೊಳ್ಳುವುದಿಲ್ಲ; ಒತ್ತಿ ಹಿಡಿದು ಎಳೆದುಕೊಂಡು ಹೋಗುತ್ತದೆ. ಕೈ ತಿರುಗಿದಂತೆ ಗೀರೂ ತಿರುಗುತ್ತದೆ, ಅದಕ್ಕೇ ಬಿಲ್ಲಿನ ಆಕಾರ. ಬಟ್ಟೆ ಎಷ್ಟೇ ಮೆತ್ತಗಿದ್ದರೂ ಇದು ತಪ್ಪುವುದಿಲ್ಲ.

ಉಳಿದ ಕಿಟಕಿಗಳನ್ನಾದರೂ ಈ ಕ್ರಮದಲ್ಲಿ ಮಾಡಿ. ಮೊದಲು ಚೌಕಟ್ಟಿನ ಮೇಲಂಚಿನಿಂದ ಕೆಳಗಿನವರೆಗೆ, ಮೂಲೆ, ಟ್ರ್ಯಾಕು, ಸೊಳ್ಳೆ ಪರದೆ ಎಲ್ಲವನ್ನೂ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆದು ತೆಗೆಯಿರಿ. ಮೇಲಂಚಿನಲ್ಲಿ ಕೂತ ಮರಳನ್ನು ಮರೆತರೆ, ಗಾಜು ತೊಳೆಯುವಾಗ ಅದೇ ನೀರಿನೊಂದಿಗೆ ಕೆಳಗಿಳಿಯುತ್ತದೆ. ನಂತರ ಗಾಜಿಗೆ ಏನನ್ನೂ ತಾಗಿಸದೆ ಮೇಲಿನಿಂದ ನೀರು ಹರಿಸಿ. ಹೊರಗಡೆಗೆ ಪೈಪು, ಒಳಗಡೆಗೆ ಸ್ಪ್ರೇ ಬಾಟಲಿ ಸಾಕು; ಒಳಗಿನ ನೀರು ಹೀರಿಕೊಳ್ಳಲು ಕಿಟಕಿಯ ಕೆಳಗೆ ಹಳೆಯ ಟವೆಲ್ ಹಾಸಿಕೊಳ್ಳಿ. ಆಮೇಲೆ 5 ಲೀಟರ್ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಮೈಕ್ರೋಫೈಬರ್ ಬಟ್ಟೆಯನ್ನು ತೊಟ್ಟಿಕ್ಕುವಷ್ಟು ಅದ್ದಿ, ಒತ್ತದೆ, ಮೇಲಿನಿಂದ ಕೆಳಕ್ಕೆ ನೇರವಾಗಿ ಎಳೆಯಿರಿ. ಲಿಕ್ವಿಡ್ ಇದಕ್ಕಿಂತ ಹೆಚ್ಚಾದರೆ ಒಣಗಿದ ಮೇಲೆ ಗೆರೆಗೆರೆ ಉಳಿಯುತ್ತದೆ.

ಬಕೆಟ್ ಎರಡಿರಲಿ: ಒಂದು ಸೋಪಿನ ನೀರಿಗೆ, ಇನ್ನೊಂದು ಬಟ್ಟೆ ಜಾಲಿಸುವುದಕ್ಕೆ. ಒಂದು ಕಿಟಕಿ ಮುಗಿದ ಮೇಲೆ ಜಾಲಿಸಿದ ಬಕೆಟ್ಟಿನ ತಳಕ್ಕೆ ಬೆರಳು ಹಚ್ಚಿ ನೋಡಿ. ಚರಚರ ಎನ್ನುವ ಮರಳು ಸಿಕ್ಕಿದರೆ ಆ ನೀರು ಚೆಲ್ಲಿ ಹೊಸದು ತುಂಬಿ. ಕೊನೆಗೆ ರಬ್ಬರ್ ಪಟ್ಟಿಯ ಗ್ಲಾಸ್ ವೈಪರ್ ಎಳೆಯಿರಿ. ಪ್ರತಿ ಎಳೆತ ಹಿಂದಿನದರ ಮೇಲೆ 2–3 ಸೆಂಟಿಮೀಟರ್ ಹಾಯಬೇಕು, ಪ್ರತಿ ಎಳೆತಕ್ಕೂ ರಬ್ಬರನ್ನು ಒರೆಸಿಕೊಳ್ಳಬೇಕು. ಗಾಜಿನ ಮೇಲೆ ನೇರ ಬಿಸಿಲಿರುವಾಗ ತೊಳೆಯಬೇಡಿ. ವೈಪರ್ ತಲುಪುವ ಮೊದಲೇ ಸೋಪು ಒಣಗಿ ಅಂಟಿಕೊಳ್ಳುತ್ತದೆ.

ಈಗಾಗಲೇ ಬಿದ್ದ ಗೀರಿಗೆ ಉಗುರು ಅಡ್ಡಹಾಯಿಸಿ ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ, ಗಾಜಿಗೆ ಪಾಲಿಶ್ ಮಾಡುವವರು ಸೀರಿಯಮ್ ಆಕ್ಸೈಡ್ ಪುಡಿಯನ್ನು ನೀರಿನಲ್ಲಿ ಕಲಸಿ ಯಂತ್ರದಿಂದ ತಿಕ್ಕಿ ತೆಗೆಯಬಲ್ಲರು. ಉಗುರು ಸಿಕ್ಕಿಕೊಂಡರೆ ಆ ಗೋಜು ಬೇಡ. ಅಷ್ಟು ಆಳಕ್ಕೆ ತಿಕ್ಕಿದ ಜಾಗದಲ್ಲಿ ಗಾಜು ತಗ್ಗಾಗಿ, ಅದರಾಚೆಗಿನ ದೃಶ್ಯ ಸೊಟ್ಟಗೆ ಕಾಣುತ್ತದೆ.

ಪ್ರಶ್ನೆ: ಗಾಜಿನ ಮೇಲೆ ಸಿಮೆಂಟ್ ಸಿಡಿದು ಮೂರು ವಾರವಾಗಿದೆ, ಗಟ್ಟಿಯಾಗಿ ಕೂತಿದೆ. ಟೈಲ್ಸ್ ತೊಳೆಯಲು ತಂದ ಆಸಿಡ್ ಉಳಿದಿದೆ, ಅದನ್ನೇ ಹಚ್ಚಿದರೆ ಹೋಗುತ್ತದೆ ಎನ್ನುತ್ತಾರೆ. ಹಚ್ಚಬಹುದೇ?

ಉತ್ತರ: ದಯವಿಟ್ಟು ಹಚ್ಚಬೇಡಿ. ಆ ಆಸಿಡ್ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್. ಸಿಮೆಂಟನ್ನು ಕರಗಿಸುತ್ತದೆ ನಿಜ, ಆದರೆ ಕೆಳಗೆ ಸೋರಿ ಅಲ್ಯೂಮಿನಿಯಮ್ ಚೌಕಟ್ಟನ್ನು ತಿನ್ನುತ್ತದೆ, ಸ್ಟೀಲ್ ಹಿಡಿಕೆ, ಸ್ಕ್ರೂಗಳಿಗೆ ತುಕ್ಕು ತರುತ್ತದೆ, ಮಾರ್ಬಲ್ ಕಟ್ಟೆಯ ಹೊಳಪನ್ನು ಶಾಶ್ವತವಾಗಿ ಕಳೆಯುತ್ತದೆ. ಅದರ ಹೊಗೆ ಮೂಗು, ಗಂಟಲು ಸುಡುತ್ತದೆ. ಬ್ಲೀಚಿಂಗ್ ಪೌಡರ್ ಬೆರೆತ ನೀರಿಗೆ ಅದು ಸೇರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ.

ಇದಕ್ಕಿಂತ ಅಪಾಯಕಾರಿಯಾದುದು ಇನ್ನೊಂದಿದೆ. ಕಲ್ಲಿನ ಕಲೆ, ತುಕ್ಕಿನ ಕಲೆ ತೆಗೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಅಥವಾ ಅಮೋನಿಯಮ್ ಬೈಫ್ಲೋರೈಡ್ ಇರುತ್ತದೆ. ಇವು ಗಾಜನ್ನೇ ಕರಗಿಸುತ್ತವೆ. ಕೈಗೆ ತಾಗಿದರೆ, ದ್ರಾವಣ ತೆಳುವಾಗಿದ್ದಾಗ ತಕ್ಷಣ ಉರಿ ಕೂಡ ಗೊತ್ತಾಗದೆ ಚರ್ಮದೊಳಕ್ಕೆ ಇಳಿದು ಮೂಳೆಯವರೆಗೆ ಹೋಗಬಹುದು. ಡಬ್ಬಿಯ ಮೇಲೆ ಫ್ಲೋರೈಡ್, ಫ್ಲೋರಿಕ್ ಎಂಬ ಹೆಸರು ಎಲ್ಲೇ ಕಂಡರೂ ಆ ಡಬ್ಬಿ ಕಿಟಕಿಯ ಹತ್ತಿರ ಬರಬಾರದು. ಅಕಸ್ಮಾತ್ ತಾಗಿದರೆ ಹರಿಯುವ ನೀರಿನಲ್ಲಿ ತೊಳೆದು, ಉರಿ ಬರಲೆಂದು ಕಾಯದೆ, ಡಬ್ಬಿಯ ಹೆಸರು ಬರೆದುಕೊಂಡು ಆಸ್ಪತ್ರೆಗೆ ಹೋಗಬೇಕು.

ನಿಮ್ಮ ಕಲೆಗೆ ನೀರು ಮತ್ತು ತಾಳ್ಮೆ ಬೇಕು. ಟಿಶ್ಯೂ ಪೇಪರನ್ನು ಸೋಪಿನ ನೀರಿನಲ್ಲಿ ಅದ್ದಿ ಕಲೆಯ ಮೇಲೆ ಅಂಟಿಸಿ, ಒಣಗದಂತೆ ಆಗಾಗ ನೀರು ಚಿಮುಕಿಸುತ್ತ ಅರ್ಧ ಗಂಟೆ ಬಿಡಿ. ಬಿಳಿಚಿದ್ದ ಸಿಮೆಂಟ್ ನೀರು ಕುಡಿದು ಕಡುಬೂದಿ ಬಣ್ಣಕ್ಕೆ ತಿರುಗಿದ ಮೇಲೆ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಅಂಚಿನ ಕಡೆಯಿಂದ ಎಬ್ಬಿಸಿ. ದೊಡ್ಡ ಚೂರು ತಾನೇ ಕಳಚಿ ಬಿದ್ದರೆ ಅದನ್ನು ಗಾಜಿನ ಮೇಲೆ ಜಾರಿಸದೆ ನೀರು ಹೊಯ್ದು ಇಳಿಸಿ. ಉಳಿಯುವ ತೆಳು ಬಿಳಿ ಪೊರೆಗೆ ಬಿಳಿ ವಿನೆಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ, ಅದೇ ರೀತಿ ಟಿಶ್ಯೂ ಅಂಟಿಸಿ 10 ನಿಮಿಷ ಇಟ್ಟು ತೊಳೆಯಿರಿ. ವಿನೆಗರ್ ಕೂಡ ಆಮ್ಲವೇ, ಮಾರ್ಬಲ್ ಕಟ್ಟೆಗೆ ಮೊದಲೇ ಪ್ಲಾಸ್ಟಿಕ್ ಹೊದಿಸಿ.

ಒಂದು ಮಾತನ್ನು ಮುಚ್ಚಿಡುವಂತಿಲ್ಲ: ಮೂರು ವಾರದಲ್ಲಿ ಗಾಜಿಗೆ ಹಾನಿ ಆಗಿಯೇ ಇರಬಹುದು. ಹಸಿ ಸಿಮೆಂಟಿನ ಪಿಎಚ್ 12ಕ್ಕಿಂತ ಹೆಚ್ಚು. ಅಷ್ಟು ಕ್ಷಾರ ತೇವದೊಂದಿಗೆ ಕೂತಿದ್ದರೆ ಗಾಜಿನ ಸಿಲಿಕಾವನ್ನೇ ತಿನ್ನುತ್ತದೆ. ಕಲೆ ಪೂರ್ತಿ ಹೋದ ಮೇಲೂ ಮಂಜಿನಂಥ ಗುರುತು ಉಳಿದು, ಗಾಜು ಒದ್ದೆಯಾದಾಗ ಮಾಯವಾಗಿ ಒಣಗಿದಾಗ ಮತ್ತೆ ಮೂಡಿದರೆ ಅದು ಕೊಳೆಯಲ್ಲ, ಗಾಜಿನ ಮೈಯೇ ಸವೆದದ್ದು. ಅದಕ್ಕೆ ಪಾಲಿಶ್ ಬೇಕು. ಹಸಿ ಇರುವಾಗಲೇ ಒಂದು ಚೊಂಬು ನೀರು ಹೊಯ್ದಿದ್ದರೆ ಕಲೆ ಅಷ್ಟರಲ್ಲೇ ಹೋಗುತ್ತಿತ್ತು. ಗಾರೆ ಕೆಲಸ ಇನ್ನೂ ನಡೆಯುತ್ತಿರುವ ಮನೆಯವರು ಸಂಜೆ ಕೆಲಸದವರು ಹೊರಡುವ ಮುನ್ನ ಕಿಟಕಿಗಳಿಗೆಲ್ಲ ಒಮ್ಮೆ ನೀರು ಹಾಯಿಸಿಬಿಡಿ.

ಪ್ರಶ್ನೆ: ಪೇಂಟ್ ಹನಿಗಳನ್ನು ಬ್ಲೇಡಿನಿಂದ ಕೆರೆಯಬಹುದೇ? ನಮ್ಮ ಗಾಜಿನ ಮೂಲೆಯಲ್ಲಿ ‘ಟಫನ್ಡ್’ ಎಂಬ ಮುದ್ರೆ ಇದೆ.

ಉತ್ತರ: ಮುದ್ರೆ ನೋಡಿದ್ದು ಒಳ್ಳೆಯದಾಯಿತು. ಟಫನ್ಡ್ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ಗಾಳಿ ಹಾಯಿಸಿ ಥಟ್ಟನೆ ತಣಿಸುತ್ತಾರೆ. ಕುಲುಮೆಗೆ ಹೋಗುವ ಮುನ್ನ ಸರಿಯಾಗಿ ತೊಳೆಯದಿದ್ದರೆ, ಕತ್ತರಿಸಿದಾಗ ಉಳಿದ ಗಾಜಿನ ಪುಡಿ ಆ ಕಾವಿಗೆ ಮೇಲ್ಮೈಗೇ ಬೆಸೆದುಕೊಳ್ಳುತ್ತದೆ. ಕಣ್ಣಿಗೆ ಕಾಣದ ಆ ಕಣಗಳನ್ನು ಬ್ಲೇಡು ಕಿತ್ತು, ತನ್ನ ಅಂಚಿನಡಿ ಹಿಡಿದು ಎಳೆಯುತ್ತದೆ. ಒಂದೇ ಎಳೆತಕ್ಕೆ ಹತ್ತಾರು ನೇರ ಗೀರು ಬೀಳಬಹುದು. ಒದ್ದೆ ಗಾಜಿನ ಮೇಲೆ ಬೆರಳ ತುದಿ ಹಾಯಿಸಿದಾಗ ಉಪ್ಪಿನ ಕಾಗದದಂತೆ ತರಿತರಿ ಅನ್ನಿಸಿದರೆ ಬ್ಲೇಡ್ ಮುಟ್ಟಲೇಬೇಡಿ. ನುಣ್ಣಗಿದ್ದರೂ ಪ್ಲಾಸ್ಟಿಕ್ ಬ್ಲೇಡಿನಿಂದಲೇ ಶುರು ಮಾಡುವುದು ನಮ್ಮ ಸಲಹೆ. ಎಮಲ್ಷನ್ ಪೇಂಟ್ ಬಿಸಿ ಸೋಪು ನೀರಿಗೆ ಮೆತ್ತಗಾಗಿ ಸಿಪ್ಪೆಯಂತೆ ಏಳುತ್ತದೆ. ಎನಾಮಲ್ ಪೇಂಟಿಗೆ ಟರ್ಪೆಂಟೈನ್ ಅನ್ನು ಬಟ್ಟೆಗೆ ಹಚ್ಚಿಕೊಂಡು ಹನಿಯ ಮೇಲೆ ಮಾತ್ರ ಒತ್ತಿ ಹಿಡಿಯಿರಿ. ಕಿಟಕಿ ತೆರೆದಿರಲಿ, ಒಲೆ, ಬೆಂಕಿ ಹತ್ತಿರವಿರಬಾರದು. ಥಿನ್ನರ್ ಬೇಡ, ಅದು ಯುಪಿವಿಸಿ ಚೌಕಟ್ಟನ್ನೂ ರಬ್ಬರ್ ಬೀಡಿಂಗನ್ನೂ ಹಾಳುಮಾಡುತ್ತದೆ.

ಸಾದಾ ಗಾಜಾದರೆ ಸ್ಟೀಲ್ ಬ್ಲೇಡ್ ನಡೆಯುತ್ತದೆ, ನಿಯಮ ಮೀರದಿದ್ದರೆ. ಬ್ಲೇಡು ಹೊಸದಿರಬೇಕು, ಗಾಜು ಪೂರ್ತಿ ಒದ್ದೆಯಿರಬೇಕು, ಬ್ಲೇಡು ಗಾಜಿಗೆ ಸುಮಾರು 30 ಡಿಗ್ರಿ ಓರೆಯಾಗಿರಬೇಕು. ಮುಂದಕ್ಕೆ ಮಾತ್ರ ತಳ್ಳಿ, ಎತ್ತಿ, ಮತ್ತೆ ಇಡಿ. ಹಿಂದಕ್ಕೆ ಎಳೆದಾಗಲೇ ಕಸ ಬ್ಲೇಡಿನಡಿ ಸೇರುವುದು. ಗಾಜಿನ ಮೇಲೆ ಸನ್ ಫಿಲ್ಮ್ ಅಥವಾ ಬೇರಾವುದಾದರೂ ಲೇಪವಿದ್ದರೆ, ಇಲ್ಲವೇ ಅದು ಗಾಜಿನ ಬದಲು ಅಕ್ರಿಲಿಕ್, ಪಾಲಿಕಾರ್ಬೊನೇಟ್ ಹಾಳೆಯಾಗಿದ್ದರೆ ಯಾವ ಬ್ಲೇಡೂ ಕೂಡದು.

ಪ್ರಶ್ನೆ: ಚೌಕಟ್ಟಿನ ಮೇಲಿನ ಪ್ಲಾಸ್ಟಿಕ್ ಟೇಪ್ ಯಾವಾಗ ಕೀಳಬೇಕು? ಸಿಲಿಕೋನ್ ಹಚ್ಚಿದ ಎಷ್ಟು ದಿನಕ್ಕೆ ತೊಳೆಯಬಹುದು?

ಉತ್ತರ: ಗೋಡೆಯ ಕೆಲಸ ಮುಗಿದ ಕೂಡಲೇ ಟೇಪ್ ಕೀಳಿ. ಬಿಸಿಲಿಗೆ ತಿಂಗಳುಗಟ್ಟಲೆ ಬಿಟ್ಟರೆ ಟೇಪು ಚೂರುಚೂರಾಗಿ ಹರಿದು ಅಂಟು ಅಲ್ಲೇ ಉಳಿಯುತ್ತದೆ. ಸಿಲಿಕೋನ್ ದಿನಕ್ಕೆ 2–3 ಮಿಲಿಮೀಟರ್ ಆಳದಷ್ಟು ಗಟ್ಟಿಯಾಗುತ್ತದೆ, ಆದ್ದರಿಂದ ಎರಡು ದಿನ ನೀರು ಹೊಯ್ಯಬೇಡಿ, ದಪ್ಪ ಪಟ್ಟಿಯಾದರೆ ಇನ್ನೂ ಒಂದೆರಡು ದಿನ ಕಾಯಿರಿ. ಗಾಜಿಗೆ ಮೆತ್ತಿದ ಹಸಿ ಸಿಲಿಕೋನನ್ನು ಬಟ್ಟೆಯಿಂದ ಒರೆಸಿದರೆ ಜಿಡ್ಡಾಗಿ ಹರಡುತ್ತದೆ. ಒಣಗಿದ ಮೇಲೆ ಸುರುಳಿಯಂತೆ ಎಬ್ಬಿಸುವುದೇ ಸುಲಭ.

ಪ್ರಶ್ನೆ: ತೊಳೆದಾಗಿನಿಂದ ಸ್ಲೈಡಿಂಗ್ ಕಿಟಕಿಯ ಟ್ರ್ಯಾಕಿನಲ್ಲಿ ನೀರು ನಿಲ್ಲುತ್ತಿದೆ. ಮಳೆ ಬಂದರೆ ಮನೆಯೊಳಗೇ ಸುರಿಯುತ್ತದೆ.

ಉತ್ತರ: ಚೌಕಟ್ಟಿನ ಕೆಳಭಾಗದಲ್ಲಿ ಹೊರಮುಖಕ್ಕೆ ಸಣ್ಣ ಸೀಳುಗಳಿರುತ್ತವೆ, ನೀರು ಹೊರಹೋಗಲೆಂದೇ ಬಿಟ್ಟವು. ಅವು ಗಾರೆಯಿಂದಲೋ ಪುಟ್ಟಿಯಿಂದಲೋ ಮುಚ್ಚಿಹೋಗಿವೆ. ಟ್ರ್ಯಾಕಿನಲ್ಲಿ ಸಿಮೆಂಟ್ ಪುಡಿ ಇರುವಾಗಲೇ ನೀರು ಹೊಯ್ದರೆ ಅದು ಕೆಸರಾಗಿ ಸೀಳಿನಲ್ಲಿ ಕೂತು ಗಟ್ಟಿಯಾಗುತ್ತದೆ. ಗಾಜಿಗೆ ಮೊದಲು ನೀರು, ಟ್ರ್ಯಾಕಿಗೆ ಮಾತ್ರ ಮೊದಲು ಒಣ ಸಫಾಯಿ. ಈಗ ಮರದ ಕಡ್ಡಿಯಿಂದ ಸೀಳುಗಳನ್ನು ಹೊರಗಿನಿಂದಲೂ ಒಳಗಿನಿಂದಲೂ ಬಿಡಿಸಿ, ಸಡಿಲವಾದದ್ದನ್ನು ವ್ಯಾಕ್ಯೂಮ್‌ನಿಂದ ಎಳೆದು, ಒಂದು ಲೋಟ ನೀರು ಹೊಯ್ದು ಹೊರಗೆ ಇಳಿಯುತ್ತದೆಯೇ ನೋಡಿ. ಮೊಳೆ, ಡ್ರಿಲ್ ಹಾಕಿ ತೂತು ದೊಡ್ಡದು ಮಾಡಲು ಹೋಗಬೇಡಿ. ಹೊರಗೆ ಸಿಲಿಕೋನ್ ಹಚ್ಚುವಾಗ ಸೀಳನ್ನೇ ಮುಚ್ಚಿಬಿಟ್ಟಿರುವುದೂ ಉಂಟು, ಅದನ್ನೂ ನೋಡಿಕೊಳ್ಳಿ.

ಟ್ರ್ಯಾಕಿನ ಪುಡಿಯನ್ನು ಒಣ ಪೊರಕೆಯಿಂದ ಗುಡಿಸಬೇಡಿ. ಸಿಮೆಂಟು, ಕಲ್ಲು, ಟೈಲ್ಸ್ ಕತ್ತರಿಸಿದ ಧೂಳಿನಲ್ಲಿರುವ ನುಣ್ಣನೆಯ ಸಿಲಿಕಾ ಶ್ವಾಸಕೋಶದೊಳಗೆ ಉಳಿದುಬಿಡುತ್ತದೆ. ವರ್ಷಗಟ್ಟಲೆ ಉಸಿರಾಡಿದವರಿಗೆ ಸಿಲಿಕೋಸಿಸ್ ಬರುವುದು ಇದರಿಂದಲೇ. ಮೂಗಿಗೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್, ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇರಲಿ. ಬಟ್ಟೆಯ ಮಾಸ್ಕ್ ಈ ಧೂಳನ್ನು ತಡೆಯುವುದಿಲ್ಲ.

ಪ್ರಶ್ನೆ: ಎರಡನೇ ಮಹಡಿಯ ಕಿಟಕಿಯ ಹೊರಗಡೆ ಹೇಗೆ ತೊಳೆಯುವುದು? ಗಾಜಿನ ಬಾಗಿಲನ್ನು ಟ್ರ್ಯಾಕಿನಿಂದ ಎತ್ತಿ ಒಳಗೆ ತಂದು ತೊಳೆಯಬಹುದೇ?

ಉತ್ತರ: ಮೊದಲು ತೂಕ ಲೆಕ್ಕ ಹಾಕಿ. ಗಾಜು ಒಂದು ಚದರ ಮೀಟರಿಗೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ, 2.5 ಕಿಲೋ ತೂಗುತ್ತದೆ. ಒಂದು ಚದರ ಮೀಟರಿನ 5 ಮಿಲಿಮೀಟರ್ ಗಾಜಿಗೆ 12.5 ಕಿಲೋ, ಮೇಲೆ ಚೌಕಟ್ಟಿನ ತೂಕ. ಒದ್ದೆ ಕೈಯಲ್ಲಿ ಅದು ಜಾರಿ ಹೊರಕ್ಕೆ ಬಿದ್ದರೆ ಕೆಳಗಿರುವವರ ಪ್ರಾಣಕ್ಕೇ ಕುತ್ತು. ಕಿಟಕಿ ಕೂರಿಸಿದವರನ್ನೇ ಕರೆಸಿ ತೆಗೆಸಿ. ಬಾಗಿಲು ತೆಗೆಯದೆ, ಒಳಗೆ ನಿಂತು ಉದ್ದ ಹಿಡಿಕೆಯ ವೈಪರಿನಿಂದ ಎಟಕುವಷ್ಟು ಮಾಡಬಹುದು, ಎರಡೂ ಪಾದ ನೆಲದ ಮೇಲಿದ್ದರೆ ಮಾತ್ರ. ಕಿಟಕಿಯ ಕಟ್ಟೆ ಹತ್ತುವುದು, ಸಜ್ಜಾದ ಮೇಲೆ ಇಳಿಯುವುದು, ಸ್ಟೂಲ್ ಹಾಕಿಕೊಂಡು ಹೊರಗೆ ಬಾಗುವುದು ಎಷ್ಟೇ ಅಭ್ಯಾಸವಿದ್ದರೂ ಬೇಡ. ಅದಕ್ಕೂ ಮೇಲಿನ ಎತ್ತರ, ಗ್ರಿಲ್ ಇಲ್ಲದ ದೊಡ್ಡ ಗಾಜು, ಇವು ಹಗ್ಗ, ಸೇಫ್ಟಿ ಬೆಲ್ಟ್ ಇಟ್ಟುಕೊಂಡ ತರಬೇತಿ ಪಡೆದವರ ಕೆಲಸ.

ನೆಲಮಹಡಿಗೆ ಏಣಿ ಇಡುವುದಾದರೆ, ಏಣಿಯ ತುದಿ 4 ಮೀಟರ್ ಎತ್ತರದಲ್ಲಿ ತಾಗಿದರೆ ಬುಡ ಗೋಡೆಯಿಂದ 1 ಮೀಟರ್ ದೂರವಿರಬೇಕು. ತುದಿ ಗೋಡೆಗೆ ತಾಗಲಿ, ಗಾಜಿಗಲ್ಲ. ಮೇಲಿನ ಮೂರು ಮೆಟ್ಟಿಲು ಹತ್ತಬೇಡಿ. ಹತ್ತಿರದಲ್ಲಿ ವಿದ್ಯುತ್ ತಂತಿ ಇದ್ದರೆ ಅಲ್ಯೂಮಿನಿಯಮ್ ಏಣಿಯನ್ನೂ ಲೋಹದ ಉದ್ದ ಕೋಲನ್ನೂ ಒಯ್ಯಬೇಡಿ.

ಪ್ರಶ್ನೆ: ಎರಡು ಪದರದ ಗಾಜಿನ ಕಿಟಕಿ ಹಾಕಿಸಿದ್ದೇವೆ. ಹೊರಗೂ ಒಳಗೂ ತೊಳೆದರೂ ಮಂಜು ಹೋಗುತ್ತಿಲ್ಲ.

ಉತ್ತರ: ಮಂಜು ಎರಡು ಗಾಜುಗಳ ನಡುವೆ ಇದೆ. ಅಂಚಿನ ಸೀಲ್ ಬಿಟ್ಟು ತೇವದ ಗಾಳಿ ಒಳಹೊಕ್ಕಿದೆ, ಅದನ್ನು ತೊಳೆದು ತೆಗೆಯಲಾಗದು. ಗಾಜಿಗೆ ತೂತು ಕೊರೆದು ಒಣಗಿಸುವ ಮಾತಿಗೆ ಮರುಳಾಗಬೇಡಿ. ಬಿಟ್ಟ ಸೀಲ್ ಅದರಿಂದ ಕೂಡುವುದಿಲ್ಲ, ಟಫನ್ಡ್ ಗಾಜಾದರೆ ಕೊರೆಯುವಾಗಲೇ ಪುಡಿಯಾಗುತ್ತದೆ. ಸಾಮಾನ್ಯವಾಗಿ ಚೌಕಟ್ಟನ್ನು ಉಳಿಸಿಕೊಂಡು ಗಾಜಿನ ಜೋಡಿಯನ್ನು ಮಾತ್ರ ಬದಲಿಸಬಹುದು. ಹೊಸ ಕಿಟಕಿಯಾದ್ದರಿಂದ ಮಂಜಿನ ಫೋಟೊ ತೆಗೆದು, ಬಿಲ್ಲಿನ ಜತೆ ಇಟ್ಟು, ವಾರಂಟಿ ಮುಗಿಯುವ ಮೊದಲೇ ಕೂರಿಸಿದವರಿಗೆ ಬರಹದಲ್ಲಿ ತಿಳಿಸಿ.