ಅಪ್ಪ ತಂದ ಅಲೆಅಲೆ ಕತ್ತಿ ಎಲ್ಲಿಯದು?

ಪ್ರಶ್ನೆ: ಸರಕು ಹಡಗಿನಲ್ಲಿ ಕೆಲಸಕ್ಕಿದ್ದ ನಮ್ಮ ತಂದೆ 1970ರ ದಶಕದಲ್ಲಿ ಮನಿಲಾದಿಂದ ಒಂದು ಕತ್ತಿ ತಂದಿದ್ದರು. ಎರಡು ಕಡೆಯೂ ಹರಿತ. ಹಿಡಿಯ ಹತ್ತಿರ ಅಲೆಅಲೆ, ತುದಿಯ ಕಡೆ ನೇರ. ಅಲಗು 21 ಇಂಚು. ಹಿಡಿಯ ತುದಿ ಹಕ್ಕಿಯ ತಲೆಯ ಹಾಗಿದೆ. ಒರೆ ಇಲ್ಲ. ಅಂಗಡಿಯವರೊಬ್ಬರು ಜಾವಾದ ಕ್ರಿಸ್ ಅಂದರು. ನಿಜವೇ? ತುಕ್ಕು ಉಜ್ಜಿ ತೆಗೆಯಲೇ?
– ಓದುಗರೊಬ್ಬರು, ಉಡುಪಿ

ಉತ್ತರ: ಜಾವಾದ್ದಲ್ಲ ಮೇಡಂ. ದಕ್ಷಿಣ ಫಿಲಿಪ್ಪೀನ್ಸಿನ ಮಿಂದನಾವೊ ಅಥವಾ ಸುಲು ದ್ವೀಪಗಳ ಮೊರೊ ಮುಸ್ಲಿಮರ ಕತ್ತಿ. ಅಲ್ಲಿ ಇದನ್ನು ಕಾಲಿಸ್ ಎನ್ನುತ್ತಾರೆ. ಜಾವಾದ ಕ್ರಿಸ್ ಚಿಕ್ಕದು, ಚುಚ್ಚಲು ಮಾಡಿದ್ದು. ಹಿಡಿಯೊಳಗೆ ಹೋಗುವ ಅದರ ಕಂಬಿ ಸಣ್ಣದು, ದುಂಡು. ಮೊರೊಗಳದು ಬೀಸಿ ಕಡಿಯುವ ಕತ್ತಿ. ಕೈಯಲ್ಲಿ ತಿರುಗಬಾರದು ಅಂತಲೇ ಕಂಬಿಗೆ ಮೂಲೆಗಳಿರುತ್ತವೆ, ಅಲಗನ್ನು ಹಿಡಿಗೆ ಬಿಗಿಯಲು ಲೋಹದ ಪಟ್ಟಿಯೂ ಇರುತ್ತದೆ. ನಿಮ್ಮದರಲ್ಲಿ ಆ ಪಟ್ಟಿ ಇದೆಯೇ ನೋಡಿ.

ಹಕ್ಕಿಯ ತಲೆ ಕಾಕತುವಾ ಗಿಣಿಯದು. ಆದರೆ ಹಿಡಿಯನ್ನು ನಂಬಿ ಊರು ಹೇಳುವುದು ನನಗೆ ಸರಿ ಕಾಣುವುದಿಲ್ಲ. ತಲೆಮಾರುಗಳಲ್ಲಿ ಹಿಡಿ, ಒರೆ ಎರಡೂ ಬದಲಾಗುತ್ತಿದ್ದವು. ಅಲಗನ್ನೇ ಕೇಳಬೇಕು.

ಹಿಡಿಯ ಕೆಳಗೆ ಅಲಗು ಎರಡೂ ಬದಿಗೆ ಅಗಲವಾಗುತ್ತದಲ್ವಾ, ಆ ಭಾಗದ ಹೆಸರು ಗಾಂಗ್ಯಾ. ಹಳೆಯ ಕತ್ತಿಗಳಲ್ಲಿ ಅದು ಬೇರೆಯೇ ತುಂಡು, ಅಲಗಿಗೆ ಕೂರಿಸಿದ್ದು. 20ನೇ ಶತಮಾನದ ಹಲವು ಕತ್ತಿಗಳಲ್ಲಿ ಎಲ್ಲ ಒಂದೇ ತುಂಡು, ಬರೀ ಗೆರೆ ಕೊರೆದಿರುತ್ತಾರೆ. ಟಾರ್ಚ್ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಗೆರೆಯಲ್ಲಿ ನಿಜವಾದ ಸಂದು ಕಂಡರೆ ಹಳೆಯದಿರುವ ಸಾಧ್ಯತೆ ಜಾಸ್ತಿ. ಇದೊಂದು ಪರೀಕ್ಷೆ ಮಾಡದೆ ಯಾರು ಬೆಲೆ ಹೇಳಿದರೂ ಕೇಳಬೇಡಿ.

ಮೊರೊಗಳಲ್ಲೇ ಮಾರನಾವೊ ಜನರದೋ ಸುಲುವಿನ ತಾವ್‌ಸುಗ್ ಜನರದೋ ಅಂತ ಹೇಳಲು ಒರೆ ಇದ್ದಿದ್ದರೆ ಅನುಕೂಲವಿತ್ತು. ಲಾನಾವೊ ಸರೋವರದ ಸುತ್ತಲಿನ ಮಾರನಾವೊಗಳ ಬಳ್ಳಿ ಕೆತ್ತನೆ, ಅಂದರೆ ಒಕಿರ್, ಬಲು ಚಂದ. ಲೋಹದ ಪಟ್ಟಿಯ ಮೇಲೋ ಹಿಡಿಯ ಮೇಲೋ ಕೆತ್ತನೆ ಉಳಿದಿದ್ದರೆ ಫೋಟೊ ತೆಗೆಯಿರಿ. ಎಲೆಯಾಕಾರದ ಬಾರುಂಗ್ ಎಂಬ ಕತ್ತಿ ಆಗಿದ್ದರೆ ಸುಲು ಕಡೆಯದು ಎಂದು ಕೂಡಲೇ ಹೇಳಬಹುದಿತ್ತು. ಕಾಲಿಸ್ ಹಾಗಲ್ಲ, ಆ ಕಡೆಯ ಹಲವು ಜನಾಂಗಗಳೂ ಮಾಡಿವೆ.

ತುಕ್ಕಿಗೆ ಸ್ಯಾಂಡ್‌ಪೇಪರ್, ಹುಣಸೆಹಣ್ಣು, ನಿಂಬೆಹುಳಿ ಯಾವುದೂ ಬೇಡ, ದಯವಿಟ್ಟು. ಪದರ ಪದರವಾಗಿ ಬಡಿದ ಉಕ್ಕಿನ ನಮೂನೆ ಇದ್ದರೆ ಹಾಳಾಗಬಹುದು. ಹೊಲಿಗೆ ಯಂತ್ರದ ಎಣ್ಣೆಯನ್ನು ಮೆತ್ತನೆ ಬಟ್ಟೆಯಲ್ಲಿ ತೆಳುವಾಗಿ ಸವರಿ. ಕೊಬ್ಬರಿ ಎಣ್ಣೆ ಅಂಟಾಗುತ್ತದೆ, ಹಾಕಬೇಡಿ. ತಂದೆಯವರು ಯಾರಿಂದ ಕೊಂಡರು ಅನ್ನುವುದು ನೆನಪಿದ್ದಷ್ಟು ಬರೆದು, ಆ ಕಾಗದವನ್ನು ಕತ್ತಿಯ ಜೊತೆಗೇ ಇಡಿ.