ಯೂರಿಯಾ ಉಂಡ ಹುಳು ಕೊಬ್ಬಿದರೆ ಅದನ್ನು ಕೊಲ್ಲುವ ಕಣಜಕ್ಕೂ ಲಾಭವೇ?

ಗೊಬ್ಬರ ಹೆಚ್ಚಾದ ಮೆಕ್ಕೆಜೋಳದಲ್ಲಿ ಹುಳು ಕೊಬ್ಬುತ್ತದೆ, ಹಾಗಾದರೆ ಅದರೊಳಗೆ ಬೆಳೆಯುವ ಕಣಜವೆಂಬ ಹಾರುವ ಕೀಟವೂ ಕೊಬ್ಬಬೇಕಲ್ಲವೇ ಎಂದು ಕೇಳಿದ್ದೀರಿ. ಅರ್ಧ ಹೌದು. ಆ ಅರ್ಧವನ್ನು ನಂಬಿ ಇನ್ನೊಂದು ಚೀಲ ಯೂರಿಯಾ ಸುರಿಯಬೇಡಿ.

ನಮ್ಮ ಹೊಲ ದಾವಣಗೆರೆ ತಾಲ್ಲೂಕಿನಲ್ಲಿದೆ. ಮೆಕ್ಕೆಜೋಳದ ಸುಳಿ ತಿನ್ನುವ ಈ ಫಾಲ್ ಸೈನಿಕ ಹುಳುವನ್ನು ದೇಶದಲ್ಲಿ ಮೊದಲು ಗುರುತಿಸಿದ್ದು 2018ರಲ್ಲಿ, ಪಕ್ಕದ ಶಿವಮೊಗ್ಗದಲ್ಲಿ. ನಮ್ಮಲ್ಲಿಗೆ ಬರಲು ಅದಕ್ಕೆ ಬಸ್ಸು ಬೇಕಾಗಲಿಲ್ಲ. ಒಂದು ವರ್ಷ ತಗ್ಗಿನ ಪಟ್ಟಿಗೆ ನನ್ನ ತಮ್ಮ ಕೈಬಿಚ್ಚಿ ಯೂರಿಯಾ ಎರಚಿದ್ದ. ಗರಿಗಳು ಕಡುಹಸಿರಾದವು. ಸುಳಿ ಬಿಡಿಸಿದರೆ ಒದ್ದೆ ಮರದ ಹೊಟ್ಟಿನಂತಹ ಲದ್ದಿ, ಅದರಡಿ ಹುಳು. ದಿಬ್ಬದ ಪಟ್ಟಿಗಿಂತ ಅಲ್ಲಿಯೇ ಹೆಚ್ಚು. ಕಾರಣ ಸರಳ: ಯೂರಿಯಾದಿಂದ ಸಾರಜನಕ ಹೆಚ್ಚಿದ್ದ ಎಲೆಯಲ್ಲಿ ಪ್ರೋಟೀನು ಹೆಚ್ಚು, ಮರಿಹುಳು ಬೇಗ ಬಲಿಯುತ್ತದೆ.

ಇನ್ನು ಕಣಜ. (ಕಾಳು ತುಂಬುವ ಕಣಜವಲ್ಲ!) ಕ್ಯಾಂಪೊಲೆಟಿಸ್ ಎಂಬ ಜಾತಿ ಎಳೆಯ ಮರಿಹುಳುವಿನೊಳಗೆ ಮೊಟ್ಟೆ ಚುಚ್ಚುತ್ತದೆ. ಒಳಗಿನ ಕಣಜದ ಮರಿಯು ಹುಳುವನ್ನು ತಿಂದು ಹೊರಬಂದು ಗೂಡು ಹೆಣೆಯುತ್ತದೆ. ಸುಳಿಯಲ್ಲಿ ಚಿಕ್ಕ ಗೂಡು, ಅದರ ಪಕ್ಕ ಹುಳುವಿನ ಬತ್ತಿದ ಚರ್ಮ ಅಂಟಿಕೊಂಡಿದ್ದರೆ ಕಿತ್ತೆಸೆಯಬೇಡಿ, ಅದು ನಿಮ್ಮ ಆಳು.

ಹುಳು ಪುಷ್ಟವಾಗಿದ್ದರೆ ಕಣಜವೂ ಪುಷ್ಟವಾಗಿ ಹುಟ್ಟುವುದುಂಟು. ಅನೇಕ ಕಣಜಗಳಲ್ಲಿ ತಾಯಿ ದೊಡ್ಡ ಹುಳುವಿಗೆ ಹೆಣ್ಣು ಮೊಟ್ಟೆಯನ್ನೂ ಸಣ್ಣದಕ್ಕೆ ಗಂಡು ಮೊಟ್ಟೆಯನ್ನೂ ಇಡುತ್ತದೆ. ಮುಂದೆ ಹುಳು ಹುಡುಕಿ ಚುಚ್ಚುವುದು ಹೆಣ್ಣೇ. ಲಾಭ ಇಷ್ಟೇ. ನಷ್ಟ ಇರುವುದು ದಿನದ ಲೆಕ್ಕದಲ್ಲಿ. ಎಳೆಯ ಹುಳುವನ್ನೇ ಹುಡುಕುವ ಕಣಜಕ್ಕೆ ಸಿಗುವ ಅವಕಾಶ ಕೆಲವೇ ದಿನ. ಹುಳು ಬೇಗ ಬಲಿತರೆ ಆ ದಿನಗಳೂ ಕಡಿಮೆಯಾಗುತ್ತವೆ. ಸೊರಗಿದ ಗಿಡದಲ್ಲಿ ಹುಳು ನಿಧಾನವಾಗಿ ಬೆಳೆಯುತ್ತದೆ, ಚುಚ್ಚಿಸಿಕೊಳ್ಳಲು ಹೆಚ್ಚು ದಿನ ಸಿಗುತ್ತದೆ.

ಹಾಗೆಂದು ಹುಳುವಿನ ಬೆಳವಣಿಗೆ ತಡೆಯುವ ಕಹಿ ಗಿಡವೆಲ್ಲ ಕಣಜಕ್ಕೆ ಅನುಕೂಲವಲ್ಲ. ತಂಬಾಕು ತಿನ್ನುವ ಹುಳುವಿನ ಮೈಯಲ್ಲಿರುವ ನಿಕೋಟಿನ್ ಒಳಗಿನ ಕಣಜದ ಮರಿಗಳನ್ನೂ ಕೊಲ್ಲಬಲ್ಲದು.

ಈಗ ನಾವು ಮಣ್ಣು ಪರೀಕ್ಷೆ ಮಾಡಿಸಿ, ಯೂರಿಯಾವನ್ನು ಕಂತು ಕಂತಾಗಿ ಕೊಡುತ್ತೇವೆ. ಔಷಧಿ ಹೊಡೆದರೆ ಕಣಜವೂ ಸಾಯುತ್ತದೆ, ಅದಕ್ಕೇ ಹೊಡೆಯುವ ಮುನ್ನ ಸುಳಿಗಳಲ್ಲಿ ಗೂಡು ಹುಡುಕುತ್ತೇವೆ. ಪಕ್ಕದ ಹೊಲ ನಮ್ಮದಕ್ಕಿಂತ ಹಸಿರಾಗಿದೆ ಎಂದು ತಮ್ಮ ಈಗಲೂ ಗೊಣಗುತ್ತಾನೆ.